ಪಸಡೀನಾದಲ್ಲಿ ಒಂದು ಚಪ್ಪಾಳೆ

ಮಿಲ್ವಾಕೀ
ಜೂನ್ 21, 1994

ಮ್ಯಾಕ್ಸೀನ್,

ಲಕೋಟೆಯ ಮೇಲೆ ನನ್ನ ಹೆಸರು ನೋಡಿಯೂ ನೀನು ಇದನ್ನು ಕಸದ ಬುಟ್ಟಿಗೆ ಹಾಕಿಲ್ಲವೆಂದರೆ ನಿನ್ನ ಕೋಪ ಒಂದಿಷ್ಟಾದರೂ ಇಳಿದಿದೆ ಎಂದುಕೊಳ್ಳುತ್ತೇನೆ. ಇಳಿಯದಿದ್ದರೂ ಬರೆಯದೆ ಇರಲಾರೆ. ಹತ್ತೊಂಬತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದವಳು ಇವತ್ತು ಮಧ್ಯಾಹ್ನದಿಂದ ಮನೆಯೊಳಗೆ ಶತಪಥ ತಿರುಗುತ್ತಿದ್ದೇನೆ. ನಾನು ನಿನ್ನನ್ನು ನೋಡಿದೆ ಮಾರಾಯ್ತಿ. ನನ್ನ ಟಿವಿಯಲ್ಲಿ, ನನ್ನ ಹಾಲ್‌ನಲ್ಲಿ!

ಬೇಸಿಗೆಯಲ್ಲಿ ನಮ್ಮಂಥ ಟಿವಿ ವಿಮರ್ಶಕರ ಪಾಡು ಯಾರಿಗೂ ಬೇಡ. ಒಳ್ಳೆಯದನ್ನೆಲ್ಲ ಸೆಪ್ಟೆಂಬರಿಗೆ ಎತ್ತಿಟ್ಟು, ತಮಗೇ ನಾಚಿಕೆಯಾಗುವಂಥದ್ದನ್ನು ವಾಹಿನಿಗಳು ಜುಲೈನಲ್ಲಿ ಹೊರಗೆ ಬಿಡುತ್ತವೆ. ಜನ ಹೇಗೂ ಸರೋವರದ ದಂಡೆಯಲ್ಲಿ ಸಾಸೇಜು ಸುಡುತ್ತಿರುತ್ತಾರೆ, ನೋಡುವವರು ಯಾರು ಎಂಬ ಧೈರ್ಯ. ಅವನ್ನು ನಾವು ಮುಂಚೆಯೇ ನೋಡಲಿ ಎಂದು ಟೇಪುಗಳನ್ನು ಪೆಟ್ಟಿಗೆಗಟ್ಟಲೆ ಕಳಿಸುತ್ತಾರೆ. ಈ ಸಲ ನನ್ನ ಪಾಲಿಗೆ ಬಂದವು: ಕೊಲೆ ಪತ್ತೆ ಹಚ್ಚುವ ಈಜು ಮಾಸ್ತರ, ಒಬ್ಬಳನ್ನೇ ಪ್ರೀತಿಸುವ ಅವಳಿ ಸರ್ಜನ್‌ಗಳು, ಆಮೇಲೆ ಹಾಲಿವುಡ್ ತಾರೆಯರ ಅಡುಗೆಮನೆಗೆ ಕ್ಯಾಮೆರಾ ನುಗ್ಗಿಸಿ ಅವರ ಫ್ರಿಜ್ ತೆರೆದು ತೋರಿಸುವ ಒಂದು ಕಾರ್ಯಕ್ರಮ. ಅದರಲ್ಲಿ ಒಬ್ಬ ಮಹಾನುಭಾವನ ಫ್ರಿಜ್‌ನಲ್ಲಿ ಇದ್ದದ್ದು ಅವನದೇ ಫೋಟೋ.

ಪೆಟ್ಟಿಗೆಯ ತಳದಲ್ಲಿ 'ನೆನೆಸು, ಒಗೆ, ಒಣಗಿಸು' ಎಂಬ ಟೇಪು ಇತ್ತು. ಬೇಕರ್ಸ್‌ಫೀಲ್ಡಿನಲ್ಲಿ ಲಾಂಡ್ರಿ ನಡೆಸುವ ಡಾಟ್ ಎಂಬ ಹೆಂಗಸಿನ ಕಥೆ ಎಂದು ಚೀಟಿಯಲ್ಲಿತ್ತು. ಬೇಸರದಿಂದಲೇ ಹಾಕಿದೆ, ನೋಡಿದರೆ ಆ ಡಾಟ್ ನೀನು. ಮೊದಲ ಕಂತಿನಲ್ಲಿ ಒಬ್ಬ ಹುಡುಗ ತೀರಿಕೊಂಡ ತನ್ನಪ್ಪನ ಅಂಗಿಗಳನ್ನು ಒಗೆಸಿ ಯಾರಿಗಾದರೂ ಕೊಟ್ಟುಬಿಡೋಣವೆಂದು ತರುತ್ತಾನಲ್ಲ, ನೀನು ಅವನ ಮುಖ ನೋಡದೆ, "ಇದಕ್ಕೆ ಗುಂಡಿ ಒಂದು ಹೋಗಿದೆ, ಹಾಕ್ಲಾ?" ಎಂದು ಕೇಳುತ್ತೀಯ. ಅವನು ಬೇಡ ಎನ್ನುತ್ತಾನೆ. ನೀನು ಸೂಜಿಗೆ ದಾರ ಪೋಣಿಸುತ್ತೀಯ. ಅಷ್ಟೇ. ನಾನು ಟೇಪು ನಿಲ್ಲಿಸಿ ಹೋಗಿ ಮುಖ ತೊಳೆದುಕೊಂಡು ಬಂದು ಮತ್ತೆ ನೋಡಿದೆ. ಟೇಪಿನಲ್ಲಿದ್ದ ಮೂರು ಕಂತನ್ನೂ ಎರಡೆರಡು ಸಲ ನೋಡಿದೆ.

ಇದರ ಬಗ್ಗೆ ದೊಡ್ಡದಾಗಿ ಬರೆಯುತ್ತೇನೆ. ನನ್ನ ಅಂಕಣ ಈಗ ನಲವತ್ತೊಂದು ಊರಿನ ಪತ್ರಿಕೆಗಳಲ್ಲಿ ಬರುತ್ತದೆ. ಬರೆಯಲು ನಿನ್ನ ಒಪ್ಪಿಗೆ ಕೇಳುವ ಅಗತ್ಯವಿಲ್ಲ. ಆದರೂ ಕೇಳುತ್ತಿದ್ದೇನೆ.

ಉತ್ತರಕ್ಕೆ ಕಾಯುತ್ತಿರುವ,
ಆರ್ಡಿಸ್


ವ್ಯಾನ್ ನೈಸ್, ಕ್ಯಾಲಿಫೋರ್ನಿಯಾ
ಜೂನ್ 29

ಆರ್ಡಿಸ್ ಕೊವಾಲ್ ಅವರಿಗೆ,

ಕಸದ ಬುಟ್ಟಿಗೆ ಹಾಕಿದ್ದೆ. ಟೊಮೇಟೊ ಸಿಪ್ಪೆ ಹಾಕಲು ಹೋದಾಗ ಮತ್ತೆ ಕಂಡಿತು, ಓದಿದೆ.

ನಿನಗೆ ಮರೆತಿರಬಹುದು, ನಾನು ನೆನಪಿಸುತ್ತೇನೆ. 1975ರಲ್ಲಿ ನನಗೆ ಮೊದಲ ಸಲ ಒಂದು ಧಾರಾವಾಹಿಯ ಮುಖ್ಯ ಪಾತ್ರ ಸಿಕ್ಕಿತು. ಇಪ್ಪತ್ತರ ಹರೆಯದಲ್ಲಿ ಡೋರ್ ಕೌಂಟಿಯ ನಾಟಕ ಕಂಪನಿಯಲ್ಲಿ ನಾಲ್ಕು ವರ್ಷ ಒಂದೇ ಕೋಣೆಯಲ್ಲಿ ನನ್ನ ಜೊತೆ ಮಲಗಿ ಎದ್ದು, ನನ್ನ ಸಾಲುಗಳನ್ನೆಲ್ಲ ನನಗಿಂತ ಮುಂಚೆ ಬಾಯಿಪಾಠ ಮಾಡುತ್ತಿದ್ದ ಗೆಳತಿ ಆಗಷ್ಟೇ ಪತ್ರಿಕೆ ಸೇರಿ ವಿಮರ್ಶಕಿಯಾಗಿದ್ದಳು. ಅವಳು ಬರೆದಳು: "ಮ್ಯಾಕ್ಸೀನ್ ಟಾಲಿವರ್ ಬಾಗಿಲು ತೆರೆಯುವುದನ್ನು ಬಹಳ ಚೆನ್ನಾಗಿ ಮಾಡುತ್ತಾರೆ. ಒಳಗೆ ಬಂದ ಮೇಲೆ ಏನು ಮಾಡಬೇಕೆಂದು ಅವರಿಗೆ ಯಾರೂ ಹೇಳಿದಂತಿಲ್ಲ." ಈ ಊರಿನಲ್ಲಿ ಜನ ವಿಮರ್ಶೆ ಓದುವುದಿಲ್ಲ, ಅದರೊಳಗಿನ ತಮಾಷೆಯನ್ನು ಮಾತ್ರ ಓದುತ್ತಾರೆ. ಆಮೇಲೆ ಎರಡು ವರ್ಷ ಯಾವ ಆಫೀಸಿಗೆ ಹೋದರೂ ಯಾರೋ ಒಬ್ಬ ಎದ್ದುನಿಂತು ಬಾಗಿಲಿನ ಕಡೆ ಕೈ ತೋರಿಸಿ ನಗುತ್ತಿದ್ದ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮದು ಆರು ಕಂತು, ಮಂಗಳವಾರಗಳಂದು. ಐದು ಮುಗಿದಿದೆ, ಆರನೆಯದರ ಚಿತ್ರೀಕರಣ ಜುಲೈ ಕೊನೆಗೆ. ಸೆಪ್ಟೆಂಬರ್ ಮೊದಲ ವಾರ ವಾಹಿನಿಯವರು ಇನ್ನೂ ಏಳು ಕಂತು ಬೇಕೋ ಬೇಡವೋ ಹೇಳುತ್ತಾರೆ. ಬೇಡವೆಂದರೆ ನನ್ನ ಕಥೆ ಮುಗಿಯಿತು. ನನಗೆ ಐವತ್ತೇಳು. ಈ ಊರಿನಲ್ಲಿ ಐವತ್ತೇಳರ ಹೆಂಗಸಿಗೆ ಒಂದು ಅವಕಾಶ ಸಿಗುವುದೇ ಹೆಚ್ಚು.

ಹಾಗಾಗಿ ಬರೆ. ಆದರೆ ನನ್ನನ್ನು ಅರಿಯದವಳಂತೆ ಬರೆ. ವಾಹಿನಿಗಳು ಹೊಸ ಧಾರಾವಾಹಿಗಳನ್ನು ಪರಿಚಯಿಸುವ ಗೋಷ್ಠಿಗೆಂದು ಪಸಡೀನಾಕ್ಕೆ ನೀವೆಲ್ಲ ವಿಮರ್ಶಕರು ಬರುತ್ತೀರಲ್ಲ, ಅಲ್ಲಿ ನನ್ನ ಹತ್ತಿರ ಬರಬೇಡ, ಮಾತನಾಡಿಸಬೇಡ. ಹತ್ತೊಂಬತ್ತು ವರ್ಷ ಅಭ್ಯಾಸ ಮಾಡಿದ್ದೀಯ, ಕಷ್ಟವಾಗಲಾರದು.

ಎಂ. ಟಾಲಿವರ್


ಪಸಡೀನಾ
ಜುಲೈ 12

ಮ್ಯಾಕ್ಸೀನ್,

ನಿನ್ನ ಮನೆಗೆ ಇಲ್ಲಿಂದ ಇಪ್ಪತ್ತೇ ಮೈಲಿಯಂತೆ. ನಿನ್ನ ಮಾತಿನಂತೆ ಬರುವುದಿಲ್ಲ. ಆದರೆ ಕೊರಿಯರ್‌ನವನು ಬರಬಾರದೆಂದು ನೀನು ಹೇಳಿರಲಿಲ್ಲ.

ಈ ಹೋಟೆಲಿನ ದೊಡ್ಡ ಹಾಲ್‌ನಲ್ಲಿ ನಾವು ನೂರಿಪ್ಪತ್ತು ಜನ ಆರು ದಿನದಿಂದ ಬಂದಿಗಳು. ಬೆಳಿಗ್ಗೆ ಒಂಬತ್ತಕ್ಕೆ ಕುರ್ಚಿ ಹಿಡಿದರೆ ಮುಕ್ಕಾಲು ಗಂಟೆಗೊಂದರಂತೆ ಧಾರಾವಾಹಿಗಳು ಬಂದು ವೇದಿಕೆಯ ಮೇಲೆ ಕೂತು ಹೋಗುತ್ತವೆ. ನಿನ್ನೆ ಒಬ್ಬ ತಾರೆ ತನ್ನ ನಾಯಿಯನ್ನೂ, ನಾಯಿಯ ಕೂದಲು ಬಾಚುವವಳನ್ನೂ ಕರೆತಂದಿದ್ದಳು. ಅವಳ ಕೂದಲು ಬಾಚುವವನು ಬೇರೆ. ಇಪ್ಪತ್ತೆರಡರ ಒಬ್ಬ ಪೋರ ತನ್ನ 'ಕಲಾಜೀವನದ ಮೂರನೆಯ ಘಟ್ಟ'ದ ಬಗ್ಗೆ ಹತ್ತು ನಿಮಿಷ ಕೊರೆದ. ಸಂಜೆ ಈಜುಕೊಳದ ಸುತ್ತ ಪಾರ್ಟಿ. ಸೀಗಡಿಯ ಬೆಟ್ಟ, ಅದರಾಚೆ ತಾರೆಯರು, ಅವರ ಮೊಣಕೈ ಹಿಡಿದು ನಿಮಿಷಕ್ಕೊಮ್ಮೆ ಜಾಗ ಬದಲಾಯಿಸುವ ಪ್ರಚಾರದ ಹುಡುಗಿಯರು. ಇದನ್ನೆಲ್ಲ ಬಯ್ದು ಬರೆಯುವುದೇ ನನ್ನ ಕಸುಬು. ಆದರೆ ನಿನ್ನ ಹತ್ತಿರ ಸುಳ್ಳು ಯಾಕೆ, ನನಗೆ ಇದೆಲ್ಲ ಬಹಳ ಇಷ್ಟ. ಯಾರಾದರೂ ಪ್ರಸಿದ್ಧರು ಪಕ್ಕದಲ್ಲಿ ಹಾದುಹೋದರೆ ಈಗಲೂ ಬೆನ್ನು ನೆಟ್ಟಗಾಗುತ್ತದೆ.

ನಾಳೆ ಹನ್ನೊಂದಕ್ಕೆ ನಿಮ್ಮ ಸರದಿ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಿನಗೆ ಗಾಬರಿಯಾದೀತು. ಈ ಹಾಲ್‌ನಲ್ಲಿ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ನಾವು ಪತ್ರಕರ್ತರು, ಪ್ರೇಕ್ಷಕರಲ್ಲ ಎಂಬ ಜಂಬ. ದೇವರೇ ವೇದಿಕೆಗೆ ಬಂದರೂ ಪೆನ್ನಿನ ಸದ್ದು ಬಿಟ್ಟು ಬೇರೇನೂ ಕೇಳಿಸದು. ಪಿಟ್ಸ್‌ಬರ್ಗಿನ ಲೀಲ್ಯಾಂಡ್ ಪ್ರಾಟ್ ಎಂಬ ಹಿರಿಯ ವಿಮರ್ಶಕ ಇದ್ದಾನೆ, ಹದಿನೆಂಟು ವರ್ಷದಿಂದ ನನ್ನ ಪಕ್ಕದ ಕುರ್ಚಿ ಅವನದು. ಹೊಸಬರು ಮರೆತು ಕೈ ಎತ್ತಿದರೆ ಅವನು ತಿರುಗಿ ನೋಡುವ ನೋಟಕ್ಕೇ ಆ ಕೈ ಕೆಳಗಿಳಿಯುತ್ತದೆ. ಆದ್ದರಿಂದ ನಾಳೆ ಈ ಹಾಲ್ ಸ್ಮಶಾನದಂತಿದ್ದರೆ ತಪ್ಪು ತಿಳಿಯಬೇಡ. ಮೂರನೆಯ ಸಾಲಿನಲ್ಲಿ ನಾನಿರುತ್ತೇನೆ, ನಿನ್ನನ್ನು ಅರಿಯದವಳಾಗಿ.

ಆರ್ಡಿಸ್


ವ್ಯಾನ್ ನೈಸ್
ಜುಲೈ 14

ಆರ್ಡಿಸ್,

ನೀನು ಚಪ್ಪಾಳೆ ತಟ್ಟಿದೆ.

ನಾಲ್ಕು ಸಲ. ನಾನು ಎಣಿಸಿದೆ. ವೇದಿಕೆಯ ಮೇಲೆ ಕೊನೆಯ ಕುರ್ಚಿಯಲ್ಲಿ ಕೂತವಳಿಗೆ ಬೇರೆ ಕೆಲಸವೇನಿತ್ತು? ಪ್ರಶ್ನೆಗಳೆಲ್ಲ ನನ್ನ ಸೋದರಳಿಯನ ಪಾತ್ರ ಮಾಡುವ ಬ್ರೈಸ್‌ಗೆ. ನಿಶ್ಚಿತಾರ್ಥ ಮುರಿದದ್ದು ಹೌದಾ, ಉಂಗುರ ವಾಪಸ್ ಬಂತಾ, ಅವಳ ಹೊಸ ಸಿನಿಮಾ ನೋಡಿದ್ಯಾ. ಪಾಪದ ಹುಡುಗ, ನಲವತ್ತು ನಿಮಿಷ ಬೆವರಿದ. ಇನ್ನು ಒಂದೇ ಪ್ರಶ್ನೆ ಎಂದು ಪ್ರಚಾರದ ಹುಡುಗಿ ಹೇಳಿದಾಗ ನಿನ್ನ ಪಕ್ಕದ ಆ ಗಡ್ಡದವನು, ನೀನು ಹೇಳಿದ ಲೀಲ್ಯಾಂಡ್ ಇರಬೇಕು, ಎದ್ದುನಿಂತ.

"ಟಾಲಿವರ್ ಮೇಡಂ, ಹನ್ನೊಂದು ವರ್ಷ ಎಲ್ಲಿದ್ರಿ?"

"ಇಲ್ಲೇ, ವ್ಯಾನ್ ನೈಸ್‌ನಲ್ಲಿ. ಲಾಂಡ್ರಿಯಲ್ಲಿ ಕೆಲ್ಸ ಮಾಡ್ತಿದ್ದೆ," ಅಂದೆ. "ಈ ಪಾತ್ರಕ್ಕೆ ತಯಾರಿ ಅಂದ್ಕೊಳ್ಳಿ. ಸ್ವಲ್ಪ ಜಾಸ್ತಿನೇ ಆಯ್ತು ತಯಾರಿ."

ಯಾರೋ ಇಬ್ಬರು ನಕ್ಕರು. ಆಮೇಲೆ ಆ ಸ್ಮಶಾನದಲ್ಲಿ ಒಬ್ಬಳ ಎರಡು ಕೈ. ನೂರಿಪ್ಪತ್ತು ತಲೆ ಒಟ್ಟಿಗೆ ತಿರುಗಿದವು. ನಿನ್ನ ಮುಖ ಬೀಟ್‌ರೂಟಿನಂತೆ ಕೆಂಪಾಗಿತ್ತು.

ಪ್ರಚಾರದ ಹುಡುಗಿ ಕೆಂಡ್ರಾ ಕುಣಿದಾಡುತ್ತಿದ್ದಾಳೆ. ಅಮೆರಿಕದ ಅತ್ಯಂತ ಕಟುವಾದ ವಿಮರ್ಶಕಿ ಚಪ್ಪಾಳೆ ತಟ್ಟಿದಳೆಂದು ಎಲ್ಲರಿಗೂ ಫೋನು ಮಾಡುತ್ತಿದ್ದಾಳಂತೆ. ನಾನು ಕೇಳಿದ್ದು ಒಂದೇ ಒಂದು, ಅರಿಯದವಳಂತೆ ಇರು ಎಂದು.

ಮ್ಯಾಕ್ಸೀನ್


ಪಸಡೀನಾ
ಜುಲೈ 17, ಕೊರಿಯರ್‌ನಲ್ಲಿ

ಮ್ಯಾಕ್ಸೀನ್,

ಕ್ಷಮಿಸು. ತಟ್ಟಬೇಕೆಂದು ತಟ್ಟಿದ್ದಲ್ಲ. ನನಗೆ ಸದ್ದು ಕೇಳಿಸಿದ ಮೇಲೆಯೇ ಅದು ನನ್ನ ಕೈ ಎಂದು ಗೊತ್ತಾದದ್ದು. ನೀನು ಹನ್ನೊಂದು ವರ್ಷ ಲಾಂಡ್ರಿಯಲ್ಲಿದ್ದೆ ಎಂದು ನನಗೆ ತಿಳಿದಿರಲಿಲ್ಲ. ತಿಳಿದುಕೊಳ್ಳುವ ಗೋಜಿಗೇ ನಾನು ಹೋಗಿರಲಿಲ್ಲ.

ಇಲ್ಲಿ ನನ್ನ ಮರ್ಯಾದೆ ಮೂರಾಬಟ್ಟೆಯಾಗಿದೆ. ಊಟದ ಸಾಲಿನಲ್ಲಿ ನಿಂತರೆ ಹಿಂದೆ ಯಾರೋ ಮೆಲ್ಲಗೆ ನಾಲ್ಕು ಸಲ ಚಪ್ಪಾಳೆ ತಟ್ಟುತ್ತಾರೆ. ಲೀಲ್ಯಾಂಡ್ ಅಂತೂ, "ಜ್ವರ ಇದೆಯೇನೇ ಆರ್ಡಿಸ್? ಒಂದ್ಸಲ ತೋರಿಸ್ಕೊ," ಎಂದು ಹಣೆ ಮುಟ್ಟಿ ನೋಡಿದ. ಇದಿಷ್ಟೇ ಆಗಿದ್ದರೆ ನಾನೂ ನಗುತ್ತಿದ್ದೆ. ಆದರೆ ನಿನ್ನೆ ಇಲ್ಲಿನ ಸಿನಿಮಾ ಉದ್ಯಮದ ಪತ್ರಿಕೆಯೊಂದರಲ್ಲಿ ನಮ್ಮ ನಾಟಕ ಕಂಪನಿಯ 1958ರ ಫೋಟೋ ಬಂದಿದೆ. ನೀನು, ನಾನು, ಹೆಗಲ ಮೇಲೆ ಕೈ. 'ಚಪ್ಪಾಳೆಯ ಹಿಂದಿನ ಗೆಳೆತನ' ಎಂದು ತಲೆಬರಹ.

ಮಧ್ಯಾಹ್ನ ನನ್ನ ಸಂಪಾದಕ ಹಾಲ್ವರ್ಸನ್ ಫೋನು ಮಾಡಿದ. ನಮ್ಮ ಪತ್ರಿಕೆಯಲ್ಲಿ ಸ್ನೇಹಿತರ ಕೆಲಸವನ್ನು ವಿಮರ್ಶೆ ಮಾಡುವಂತಿಲ್ಲ. ಅವನು ಕಿರುಚಲಿಲ್ಲ, ಅದೇ ಭಯ.

"ಎರಡು ದಾರಿ ಇದೆ ಆರ್ಡಿಸ್," ಅಂದ. "ಆ ಹೆಂಗಸು ನನ್ನ ಸ್ನೇಹಿತೆ ಅಲ್ಲ, ಹತ್ತೊಂಬತ್ತು ವರ್ಷದಿಂದ ಸಂಬಂಧ ಇಲ್ಲ ಅಂತ ಎರಡು ಸಾಲು ಬರ್ಕೊಡು. ಭಾನುವಾರ ಅದನ್ನೂ ವಿಮರ್ಶೆಯನ್ನೂ ಮುಖಪುಟಕ್ಕೆ ಹಾಕ್ತೀನಿ, ನಲವತ್ತೊಂದು ಊರಿಗೂ ಹೋಗುತ್ತೆ. ಇಲ್ಲಾಂದ್ರೆ ನಿನ್ನ ವಿಮರ್ಶೆ ಹೋಗಲ್ಲ. ತೋಟಗಾರಿಕೆ ಅಂಕಣದ ವಿಲ್ಬರ್ ಹತ್ರ ನಾಲ್ಕು ಸಾಲು ಬರೆಸ್ತೀನಿ."

ವಿಲ್ಬರ್‌ಗೆ ಟೊಮೇಟೊ ಗಿಡದ ಹುಳುವಿನ ಬಗ್ಗೆ ಬಿಟ್ಟು ಬೇರೆ ಅಭಿಪ್ರಾಯಗಳಿಲ್ಲ. ಬುಧವಾರದೊಳಗೆ ಹಾಲ್ವರ್ಸನ್‌ಗೆ ತಿಳಿಸಬೇಕು. ಅವನು ಕೇಳಿದ ಆ ಎರಡು ಸಾಲು ಲೆಕ್ಕಕ್ಕೆ ನಿಜವೇ. ಆದರೂ ಬರೆಯಲು ಕೂತರೆ ಕೈ ಮುಂದೆ ಹೋಗುವುದಿಲ್ಲ.

ಯಾಕೆಂದು ಹೇಳಿಬಿಡುತ್ತೇನೆ. 1975ರಲ್ಲಿ ನಾನು ಪತ್ರಿಕೆಗೆ ಹೊಸಬಳು. ಗೆಳತಿಯನ್ನು ಹೊಗಳಿದಳು ಎಂದು ಯಾರಾದರೂ ಅಂದರೆ ಎಂಬ ಹೆದರಿಕೆ. ನೀನು ಆ ಧಾರಾವಾಹಿಯಲ್ಲಿ ಚೆನ್ನಾಗಿದ್ದೆ ಮ್ಯಾಕ್ಸೀನ್. ಅದು ನನಗೆ ಆಗಲೇ ಗೊತ್ತಿತ್ತು. ನಾನು ನಿಷ್ಪಕ್ಷಪಾತಿ ಎಂದು ತೋರಿಸಿಕೊಳ್ಳಲು ಆ ಬಾಗಿಲಿನ ತಮಾಷೆ ಬರೆದೆ. ಆ ಸಾಲು ಸುಳ್ಳು. ಅದರಿಂದಲೇ ನನಗೆ ಹೆಸರು ಬಂತು.

ಆರ್ಡಿಸ್


ವ್ಯಾನ್ ನೈಸ್
ಜುಲೈ 18, ಕೊರಿಯರ್‌ನಲ್ಲಿ

ಆರ್ಡಿಸ್,

ಬರೆದುಕೊಡು.

ಸ್ನೇಹಿತೆ ಅಲ್ಲ ಎಂದು ಬರೆದುಕೊಡು. ನನಗೇನೂ ಅನಿಸುವುದಿಲ್ಲ. ನಿನ್ನ ವಿಮರ್ಶೆ ಇಲ್ಲದಿದ್ದರೆ ಈ ಧಾರಾವಾಹಿಯನ್ನು ಯಾರೂ ನೋಡುವುದಿಲ್ಲ, ಇದು ನಿನಗೂ ಗೊತ್ತು ನನಗೂ ಗೊತ್ತು. ನಿನ್ನ ಪಶ್ಚಾತ್ತಾಪ ತೀರಿಸಿಕೊಳ್ಳಲು ನನ್ನ ಏಳು ಕಂತು ಬಲಿ ಕೊಡಬೇಡ. ಆಗ ನನ್ನನ್ನು ತುಳಿದು ಮೇಲೆ ಹೋದೆ, ಈಗ ನನ್ನನ್ನು ಅರಿಯೆ ಎಂದು ಹೇಳಿ ಮೇಲೆತ್ತು. ಲೆಕ್ಕ ಸರಿಹೋಗುತ್ತದೆ.

ಸುಳ್ಳು ಎಂದು ನೀನೇ ಒಪ್ಪಿಕೊಂಡ ಆ ಭಾಗವನ್ನು ನಾಲ್ಕು ಸಲ ಓದಿದೆ. ಅದರ ಬಗ್ಗೆ ಈಗ ಮಾತು ಬೇಡ, ನಾಳೆ ಬೆಳಿಗ್ಗೆ ಆರಕ್ಕೆ ಆರನೆಯ ಕಂತಿನ ತಾಲೀಮಿಗೆ ಹೋಗಬೇಕು.

ಮ್ಯಾಕ್ಸೀನ್


ಮಿಲ್ವಾಕೀ
ಜುಲೈ 25

ಮ್ಯಾಕ್ಸೀನ್,

ಇದರ ಜೊತೆ ನಿನ್ನೆಯ ಭಾನುವಾರದ ಪತ್ರಿಕೆಯಿಂದ ಕತ್ತರಿಸಿದ ತುಣುಕು ಇದೆ. ನೀನು ಬಯ್ಯುವುದಕ್ಕೆ ಅನುಕೂಲವಾಗಲೆಂದು ಇಲ್ಲಿಯೂ ಬರೆಯುತ್ತೇನೆ:

"ನಾಳಿದ್ದು ಶುರುವಾಗುವ 'ನೆನೆಸು, ಒಗೆ, ಒಣಗಿಸು' ಧಾರಾವಾಹಿಯನ್ನು ನಾನು ವಿಮರ್ಶಿಸುವಂತಿಲ್ಲ. ಅದರಲ್ಲಿ ನಟಿಸಿರುವ ಮ್ಯಾಕ್ಸೀನ್ ಟಾಲಿವರ್ ನನ್ನ ಗೆಳತಿ. 1975ರಲ್ಲಿ ಇದೇ ಅಂಕಣದಲ್ಲಿ ಆಕೆಯ ಬಗ್ಗೆ ಬರೆದಾಗ ಈ ಮಾತನ್ನು ನಾನು ಮುಚ್ಚಿಟ್ಟಿದ್ದೆ, ಮುಚ್ಚಿಡಲೆಂದೇ ಆಕೆಗೆ ಅನ್ಯಾಯ ಮಾಡಿದ್ದೆ. ಓದುಗರ ಕ್ಷಮೆ ಕೇಳುತ್ತೇನೆ. ಆಕೆಯ ಕ್ಷಮೆ ಕೇಳುವುದು ನನ್ನ ಖಾಸಗಿ ವಿಷಯ."

ಹಾಲ್ವರ್ಸನ್ ಇದನ್ನು ಓದಿ ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದ. "ಹತ್ತೊಂಬತ್ತು ವರ್ಷದ ಹೆಸರು ಹೋಗುತ್ತೆ, ಆರ್ಡಿಸ್," ಅಂದ. "ಹೌದು, ಅದಕ್ಕೇ," ಅಂದೆ.

ನಿನ್ನ ಮಾತು ಮೀರಿದೆ, ಗೊತ್ತು. ಏಳು ಕಂತು ನನ್ನಿಂದಾಗಿ ತಪ್ಪಿದರೆ ನೀನು ಇನ್ನೊಂದು ಹತ್ತೊಂಬತ್ತು ವರ್ಷ ಮಾತು ಬಿಡಬಹುದು. ಆದರೆ ನಿನ್ನನ್ನು ಅರಿಯೆ ಎಂದು ಎರಡನೆಯ ಸಲ ಬರೆಯಲು ನನ್ನಿಂದಾಗಲಿಲ್ಲ.

ಇನ್ನೊಂದು ಸುದ್ದಿ ಇದೆ, ಅದಕ್ಕಾಗಿಯೇ ಇಷ್ಟು ಅವಸರದಲ್ಲಿ ಬರೆಯುತ್ತಿದ್ದೇನೆ. ಶುಕ್ರವಾರ ಲೀಲ್ಯಾಂಡ್ ಫೋನು ಮಾಡಿದ್ದ. ಅಂಥದ್ದೇನಿತ್ತೇ ಅದರಲ್ಲಿ, ನೀನು ಚಪ್ಪಾಳೆ ತಟ್ಟೋ ಅಂಥದ್ದು ಎಂದು ಕೇಳಿದ. ನಾನು ಬಾಯಿ ಬಿಡುವಂತಿಲ್ಲ, ಟೇಪು ನೋಡು ಎಂದೆ. ಅವನ ಟೇಪು ಸೂಟ್‌ಕೇಸಿನಲ್ಲಿ, ಸಾಕ್ಸ್‌ಗಳ ಕೆಳಗೆ, ಪ್ಲಾಸ್ಟಿಕ್ಕು ಕೂಡ ಬಿಚ್ಚದೆ ಇತ್ತಂತೆ! ಬೇಸಿಗೆಯ ಟೇಪನ್ನು ಯಾರೂ ನೋಡುವುದಿಲ್ಲ ಮ್ಯಾಕ್ಸೀನ್, ನಮ್ಮ ಕಸುಬಿನ ಗುಟ್ಟು ಅದು. ಎರಡು ಗಂಟೆ ಬಿಟ್ಟು ಮತ್ತೆ ಫೋನು ಮಾಡಿದ. "ಆ ಗುಂಡಿ ಹಾಕ್ತಾಳಲ್ಲ..." ಎಂದು ನಿಲ್ಲಿಸಿದ. ಅವನ ವಿಮರ್ಶೆ ನಾಳೆ ಬರುತ್ತದೆ. ನನ್ನನ್ನು ಗೇಲಿ ಮಾಡಿದವರೆಲ್ಲ ತಂತಮ್ಮ ಸೂಟ್‌ಕೇಸು ಕೆದಕುತ್ತಿದ್ದಾರೆ. ಡೆನ್ವರ್, ಟಾಂಪಾ, ಬಫಲೊ, ಸ್ಯಾಕ್ರಮೆಂಟೊ, ನಾನು ಪಟ್ಟಿ ಮಾಡುವುದನ್ನೇ ಬಿಟ್ಟೆ.

ನಾಳೆ ಎಂಟಕ್ಕೆ ಮೊದಲ ಕಂತು. ಎರಡು ಸಲ ನೋಡಿದ್ದನ್ನೇ ನೋಡಲು ಎದೆ ಹೀಗೆ ಬಡಿದುಕೊಳ್ಳುತ್ತದೆಯೇ?

ನಿನ್ನ ಗೆಳತಿ, ಈಗ ಅಚ್ಚಿನಲ್ಲಿಯೂ,
ಆರ್ಡಿಸ್


ಮಿಲ್ವಾಕೀ
ಆಗಸ್ಟ್ 31

ಮ್ಯಾಕ್ಸೀನ್,

ಐದು ವಾರದಿಂದ ನಿನ್ನ ಒಂದು ಸಾಲಿಲ್ಲ. ವಾಹಿನಿಯ ತೀರ್ಮಾನವೂ ಇನ್ನೂ ಹೊರಬಿದ್ದಿಲ್ಲ. ಕೆಂಡ್ರಾಗೆ ಫೋನು ಮಾಡೋಣವೆಂದು ಮೂರು ಸಲ ಎತ್ತಿ ಇಟ್ಟೆ. ನಿನ್ನೆ ಕೊನೆಯ ಕಂತು ನೋಡಿದೆ. ನಿನಗೆ ಕೋಪವಿದ್ದರೆ ಇರಲಿ, ಹೇಳಬೇಕಾದ್ದು ನನ್ನಲ್ಲಿ ಉಳಿದುಬಿಟ್ಟಿದೆ.

ಮೂವತ್ತು ಊರಿನ ವಿಮರ್ಶೆ ತರಿಸಿ ಓದಿದೆ. ವಿಲ್ಬರ್ ಕೂಡ ಬರೆದ, ಲಾಂಡ್ರಿಯ ಕಿಟಕಿಯಲ್ಲಿರುವ ಜೆರೇನಿಯಂ ಗಿಡಕ್ಕೆ ನೀರು ಸಾಲದು ಎಂದು. ಎಲ್ಲರೂ ಹೊಗಳಿದ್ದಾರೆ. ಆದರೂ ನಾನು ಕಂಡದ್ದನ್ನು ಯಾರೂ ಕಂಡಿಲ್ಲ. ಆದ್ದರಿಂದ ನನ್ನ ವಿಮರ್ಶೆ ಇಲ್ಲಿದೆ. ಇದಕ್ಕೆ ಓದುಗಿ ಒಬ್ಬಳೇ.

ನಿನ್ನ ಡಾಟ್ ಯಾರ ಮಾತನ್ನೂ ಎದುರಿಗೆ ಕೂತು ಕೇಳುವುದಿಲ್ಲ. ಕೈಯಲ್ಲಿ ಯಾವಾಗಲೂ ಒಂದು ಬಟ್ಟೆ ಇರುತ್ತದೆ, ಆ ಬಟ್ಟೆಯನ್ನು ಮಡಿಸುವ ವೇಗದಲ್ಲಿ ಅವಳು ಎಷ್ಟು ನಂಬಿದಳು ಎಂಬುದು ಗೊತ್ತಾಗುತ್ತದೆ. ಎರಡನೆಯ ಕಂತಿನಲ್ಲಿ ಸೋದರಳಿಯ ಸುಳ್ಳು ಹೇಳುವಾಗ ನೀನು ಟವಲ್ಲನ್ನು ಬಿಚ್ಚಿ ಮತ್ತೆ ಮಡಿಸುತ್ತೀಯ. ಬ್ರೈಸ್‌ನಂಥ ಹೊಸ ಹುಡುಗನನ್ನೂ ನೀನು ಕೇಳುವ ರೀತಿಯೇ ನಟನನ್ನಾಗಿ ಮಾಡಿದೆ. ಐದನೆಯ ಕಂತಿನ ಮೌನ ನಾನು ಈ ಕೆಲಸಕ್ಕೆ ಬಂದ ಮೇಲೆ ಟಿವಿಯಲ್ಲಿ ಕಂಡ ಅತ್ಯಂತ ಒಳ್ಳೆಯ ಎರಡು ನಿಮಿಷ.

ಇನ್ನು ತಪ್ಪು. ಹೊಗಳಿಕೆಯನ್ನೇ ಬರೆದು ಮುಗಿಸಿದರೆ ನಾನು ವಿಮರ್ಶಕಿ ಹೇಗಾದೇನು? ಆರನೆಯ ಕಂತಿನಲ್ಲಿ ಲಾಂಡ್ರಿಗೆ ಬೀಗ ಹಾಕಬೇಕೆಂಬ ನೋಟೀಸು ಬರುತ್ತದೆ, ನೀನು ಓದುತ್ತೀಯ. ಅಲ್ಲಿ ಡಾಟ್‌ಗೆ ಸಿಟ್ಟು ಬರಬೇಕು. ನೀನು ಅಳುತ್ತೀಯ. ತಡೆಯಲಾಗದೆ, ಒಣಗಿಸುವ ಯಂತ್ರಕ್ಕೆ ಒರಗಿಕೊಂಡು, ಮೂಗು ಸೋರುವ ಹಾಗೆ. ನೋಡುವವರಿಗೆ ಕರುಳು ಹಿಂಡಿದಂತಾಗುವುದು ನಿಜ, ಆದರೆ ಆ ಕಾಗದದಲ್ಲಿ ಅಷ್ಟು ಅಳುವಂಥದ್ದು ಏನೂ ಇಲ್ಲ. ಹೆಚ್ಚಾಯಿತು.

ಇಷ್ಟೇ. ಬಯ್ದಾದರೂ ಬರೆ.

ಆರ್ಡಿಸ್


ವ್ಯಾನ್ ನೈಸ್
ಸೆಪ್ಟೆಂಬರ್ 8

ಆರ್ಡಿ,

ಏಳು ಕಂತು ಬೇಕಂತೆ. ನಿನ್ನೆ ಸಂಜೆ ಹೇಳಿದರು. ಅದು ಗೊತ್ತಾಗುವ ತನಕ ನಿನಗೆ ಬರೆಯಬಾರದೆಂದು ಶಪಥ ಮಾಡಿದ್ದೆ, ಬರೆದಿದ್ದರೆ ಏನೇನು ಬರೆದುಬಿಡುತ್ತಿದ್ದೆನೋ. ಪಕ್ಕದ ಮನೆಯವರು ಗೋಡೆ ಬಡಿಯುವಷ್ಟು ಕಿರುಚಿದ್ದೇನೆ. ಇವತ್ತು ಗಂಟಲು ಕಟ್ಟಿದೆ.

ನಿನ್ನ ವಿಮರ್ಶೆ ತಲುಪಿತು. ಟವಲ್ಲಿನ ವಿಷಯ ನಿರ್ದೇಶಕನಿಗೂ ಗೊತ್ತಿರಲಿಲ್ಲ, ನಿನಗೆ ಗೊತ್ತಾಗುತ್ತದೆಂದು ನನಗೆ ಗೊತ್ತಿತ್ತು.

ಆ ಅಳುವಿನ ಬಗ್ಗೆ ನೀನು ಬರೆದದ್ದು ಸರಿ. ಆ ದೃಶ್ಯ ತೆಗೆದದ್ದು ಜುಲೈ 29ರ ಶುಕ್ರವಾರ. ಬೆಳಿಗ್ಗೆ ಮನೆಯಿಂದ ಹೊರಡುವಾಗ ಹಿಂದಿನ ದಿನದ ಟಪಾಲು ಕೈಗೆತ್ತಿಕೊಂಡು ಹೋಗಿದ್ದೆ, ನಿನ್ನ ಲಕೋಟೆಯನ್ನು ಮೇಕಪ್ಪಿನವಳ ಎದುರು ಒಡೆದೆ. ಅವಳು ಎರಡು ಸಲ ಮುಖ ಒರೆಸಿ ಮತ್ತೆ ಬಳಿದಳು. ಕ್ಯಾಮೆರಾ ಮುಂದೆ ಹೋದಾಗ ನೋಟೀಸಿನ ಕಾಗದ ಎಲ್ಲೋ ಇಟ್ಟು ಮರೆತಿದ್ದೆ. ಜೇಬಿನಲ್ಲಿ ಇದ್ದದ್ದನ್ನೇ ತೆಗೆದು ಓದಿದೆ. ನೀನು ಟಿವಿಯಲ್ಲಿ ನನ್ನ ಕೈಯಲ್ಲಿ ನೋಡಿದ್ದು ನಿನ್ನ ಭಾನುವಾರದ ತುಣುಕು ಕಣೇ. ನಿರ್ದೇಶಕ ಇನ್ನೊಂದು ಸಲ ಮಾಡೋಣ ಅಂದ. ನನ್ನಿಂದಾಗಲಿಲ್ಲ.

ಹೆಚ್ಚಾಯಿತು, ಒಪ್ಪುತ್ತೇನೆ. ಏಳನೆಯ ಕಂತಿನಲ್ಲಿ ತಿದ್ದಿಕೊಳ್ಳುತ್ತೇನೆ.

ನಿನ್ನ,
ಮ್ಯಾಕ್ಸ್